ಕೀಳದ ಹೆಸರು

ನಮ್ಮ ಅಯೋವಾದ ಕೆಳದರ್ಜೆ ಬೇಸ್‌ಬಾಲ್ ತಂಡದಲ್ಲಿ ಬಟ್ಟೆ ಒಗೆಯುವ ವರ್ಡೆಲ್ ಅಜ್ಜನಿಗೆ, ಬೇಗ ಬಡ್ತಿ ಪಡೆಯುವ ಆಟಗಾರರೆಂದರೆ ಬಲು ಗುಮಾನಿ. ಯಾರಾದರೂ ಚೆಂಡನ್ನು ಬೇಲಿಯಾಚೆ ಹಾರಿಸಿ ಹೋಮ್ ರನ್ ಹೊಡೆದರೆ, ಗಾಳಿ ಎತ್ತ ಬೀಸುತ್ತಿದೆಯೆಂದು ಮೊದಲು ಬಾವುಟ ನೋಡುತ್ತಾನೆ. ಪ್ಯಾಂಟು ಒಗೆಯುವಾಗಲೇ ತೀರ್ಪು: “ಮಂಡಿ ಹತ್ರ ಮಣ್ಣೇ ಇಲ್ಲ. ಇನ್ನೂ ಸರಿಯಾಗಿ ಬಿದ್ದೇ ಇಲ್ಲ, ಇವನನ್ನ ಮೇಲಕ್ಕೆ ಕಳಿಸ್ತಾರಂತೆ!” ಮೇಲಿನ ತಂಡಕ್ಕೆ ಹೋದವನ ಹೆಸರಿನ ಚೀಟಿಯನ್ನು ಅವನ ಬಟ್ಟೆಯ ಲಾಕರಿನಿಂದ ಕೀಳುವುದು ವಾಡಿಕೆ, ಅಜ್ಜ ಕೀಳುವುದಿಲ್ಲ. “ಇರಲಿ ಬಿಡ್ರೋ, ವಾಪಸ್ ಬರ್ತಾನೆ.” ಅಪಶಕುನದ ಬಾಯಿ ಎಂದು ನಾವು ಬೈಯುತ್ತಿದ್ದೆವು. ಹತ್ತೊಂಬತ್ತು ವರ್ಷದ ಟ್ರೆವಿನ್ ಮೇ ತಿಂಗಳಲ್ಲಿ ಎರಡು ದರ್ಜೆ ಒಮ್ಮೆಗೇ ಹಾರಿದ. ಜುಲೈನಲ್ಲಿ ತಲೆ ತಗ್ಗಿಸಿಕೊಂಡು ಮತ್ತೆ ನಮ್ಮ ಲಾಕರ್ ಕೋಣೆಯ ಬಾಗಿಲಲ್ಲಿ ನಿಂತ. ಅವನ ಹೆಸರು ಇದ್ದಲ್ಲೇ ಇತ್ತು, ಅದರಡಿ ಒಗೆದ ಅಂಗಿ ತೂಗುತ್ತಿತ್ತು. ಅಜ್ಜ ತಲೆಯೆತ್ತದೆ ಅಂದ: “ಕೊಳೆ ಬಟ್ಟೆ ಇದ್ರೆ ಇತ್ತ ಹಾಕೋ.”