ಅತ್ತೆಯ ಅಣಬೆ ಜಾಗ

ನಮ್ಮ ಬೀದಿಯ ಹೆಂಗಸರು ಗುಟ್ಟು ಇಟ್ಟುಕೊಳ್ಳುವವರಲ್ಲ. ಯಾರ ಗಂಡ ಎಷ್ಟು ಕುಡಿದ, ಯಾರ ಮನೆಯ ಹಿಟ್ಟು ಉಬ್ಬಲಿಲ್ಲ, ಎಲ್ಲವೂ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಬಯಲಾಗುತ್ತದೆ. ಅಣಬೆ ಕೀಳುವ ಜಾಗವೊಂದು ಮಾತ್ರ ಬೇರೆ. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಊರಿನಲ್ಲಿ ಯಾವ ಪೋಲಿಷ್ ಹೆಂಗಸೂ ಅದನ್ನು ಪಾದ್ರಿಯ ಮುಂದೆಯೂ ಬಾಯಿ ಬಿಡುವುದಿಲ್ಲ. ನನ್ನ ಅತ್ತೆ ಗೆನೊವೇಫಾ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು.

ಸೆಪ್ಟೆಂಬರ್ ಬಂತೆಂದರೆ ಸೂರ್ಯ ಹುಟ್ಟುವ ಮೊದಲೇ ಬುಟ್ಟಿ ಹಿಡಿದು ಚರ್ಚಿನ ಕಡೆಗೆ ಹೊರಡುತ್ತಿದ್ದರು. ಹತ್ತು ಗಂಟೆಗೆ ತುಂಬಿದ ಬುಟ್ಟಿಯೊಂದಿಗೆ ಸರಿಯಾಗಿ ಎದುರು ದಿಕ್ಕಿನಿಂದ ಬರುತ್ತಿದ್ದರು. ಬೂಟುಗಳನ್ನು ಹೊರಗಿನ ನಲ್ಲಿಯಲ್ಲಿ ತೊಳೆದೇ ಒಳಗೆ ಕಾಲಿಡುವುದು. ಅಣಬೆ ಹೆಚ್ಚಿ, ದಾರಕ್ಕೆ ಪೋಣಿಸಿ, ಒಲೆಯ ಮೇಲೆ ಒಣಗಿಸಿಡುತ್ತಿದ್ದರು. ಕ್ರಿಸ್‌ಮಸ್ ಹಿಂದಿನ ಸಂಜೆ ಅದರದೇ ಸಾರು. ನಾನು ಸುಮ್ಮನಿರುವ ಜಾತಿಯವಳಲ್ಲ. ಬುಟ್ಟಿಯ ತಳ ಕೆದಕಿ ನೋಡುತ್ತಿದ್ದೆ, ಒಂದು ಹಳದಿ ಎಲೆಯೋ ಪೈನ್ ಮರದ ಒಂದು ಸೂಜಿಯೆಲೆಯೋ ಸಿಗುತ್ತಿತ್ತು, ಅಷ್ಟೆ. ಪಕ್ಕದ ಮನೆಯ ವಾಂದಾ ಒಮ್ಮೆ ಹಿಂದೆಯೇ ಹೋದಳಂತೆ. ಅತ್ತೆ ನೇರ ಸ್ಮಶಾನಕ್ಕೆ ಹೋಗಿ ಬೆಂಚಿನ ಮೇಲೆ ಕೂತು, ವಾಂದಾ ಬೇಸತ್ತು ಮನೆಗೆ ಹೋಗುವವರೆಗೂ ಜಪಮಾಲೆ ಎಣಿಸಿದರಂತೆ.

ನನಗೆ ಹೇಳದಿದ್ದುದಕ್ಕೆ ಬೇರೆ ಕಾರಣವೂ ಇತ್ತು, ಅದು ನನ್ನದೇ ತಪ್ಪು. ಮದುವೆಯಾದ ವರ್ಷ, 1951ರಲ್ಲಿ, ಅತ್ತೆಗೆ ಜ್ವರ ಬಂದು ಕ್ರಿಸ್‌ಮಸ್ ಅಡುಗೆ ನನ್ನ ಪಾಲಿಗೆ ಬಂತು. ಒಣಗಿದ ಅಣಬೆಯನ್ನು ಹಿಂದಿನ ದಿನವೇ ನೆನೆಸಬೇಕೆಂದು ಮರೆತಿದ್ದೆ. ಅಂಗಡಿಯಿಂದ ಡಬ್ಬಿ ತಂದು ಸಾರಿಗೆ ಸುರಿದೆ. ಅತ್ತೆ ಒಂದು ಚಮಚ ಬಾಯಿಗಿಟ್ಟರು.

"ಇದನ್ನ ಯಾವ ಕಾಡಲ್ಲಿ ಕಿತ್ತೆ?"

"ಅಂಗಡೀದು ಅತ್ತೆ. ಡಬ್ಬೀದು."

ಅವತ್ತಿನಿಂದ ನನ್ನ ಹೆಸರು ಲುಸಿನಾ ಹೋಗಿ ಡಬ್ಬಿ ಆಯಿತು. ಡಬ್ಬಿ, ಈರುಳ್ಳಿ ಹೆಚ್ಚು. ಡಬ್ಬಿ, ಮಗುವಿಗೆ ಟೋಪಿ ಹಾಕು.

ಅವರಿಗೆ ಆ ಹಕ್ಕು ಇರಲಿಲ್ಲ ಅನ್ನಲಾರೆ. ಹದಿನೆಂಟನೇ ವಯಸ್ಸಿನಲ್ಲಿ, 1922ರಲ್ಲಿ, ಒಣಗಿದ ಅಣಬೆಯ ಸರವೊಂದನ್ನು ಬಟ್ಟೆಯೊಳಗೆ ಸೊಂಟಕ್ಕೆ ಸುತ್ತಿಕೊಂಡು ಹಡಗು ಹತ್ತಿದವರು. ಇಲ್ಲಿ ಇಗ್ನಾಸಿಯನ್ನು ಮದುವೆಯಾದರು. ಮಾಳಿಗೆಯಲ್ಲಿ ಒಂಬತ್ತು ಜನ ಗಣಿ ಕೆಲಸಗಾರರಿಗೆ ಜಾಗ ಕೊಟ್ಟು ಅಡುಗೆ ಮಾಡಿ ಹಾಕಿದರು. ಮಾಂಸ ಅವರವರೇ ತರಬೇಕು, ಬೇಯುವುದು ಮಾತ್ರ ಒಂದೇ ಪಾತ್ರೆಯಲ್ಲಿ. ಗುರುತಿಗೆ ಒಬ್ಬ ಕೆಂಪು ದಾರ ಕಟ್ಟುತ್ತಿದ್ದ, ಇನ್ನೊಬ್ಬ ಚಡ್ಡಿಯ ಗುಂಡಿ, ಮತ್ತೊಬ್ಬ ಮೊಳೆ. ಯಾರ ತುಂಡು ವಾರವಾರಕ್ಕೆ ಚಿಕ್ಕದಾಗುತ್ತದೋ ಅವನು ಹೆಂಡತಿಯನ್ನು ಊರಿನಿಂದ ಕರೆಸಿಕೊಳ್ಳಲು ದುಡ್ಡು ಕೂಡಿಡುತ್ತಿದ್ದಾನೆ ಎಂದು ಅತ್ತೆಗೆ ಗೊತ್ತಾಗುತ್ತಿತ್ತಂತೆ. ಅಂಥವನ ತಟ್ಟೆಗೆ ಆಲೂಗಡ್ಡೆ ಎರಡು ಹೆಚ್ಚು ಬೀಳುತ್ತಿತ್ತು.

1938ರಲ್ಲಿ ನದಿಯ ತಳ ಒಡೆದು ಮೂರನೇ ಗಣಿಗೆ ನೀರು ನುಗ್ಗಿತು. ಮೇಲೆ ಬಾರದವರಲ್ಲಿ ಇಗ್ನಾಸಿಯೂ ಒಬ್ಬರು. ಹೆಣ ಸಿಗಲಿಲ್ಲ, ಗಣಿಯ ಬಾಯಿ ಮುಚ್ಚಿಬಿಟ್ಟರು. ಸ್ಮಶಾನದಲ್ಲಿ ಅವರ ಹೆಸರಿನ ಕಲ್ಲಿದೆ, ಅಡಿಯಲ್ಲಿ ಏನೂ ಇಲ್ಲ. ನನ್ನ ಗಂಡ ಫೆಲಿಕ್ಸ್‌ಗೆ ಆಗ ಎಂಟು ವರ್ಷ. ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಅವನನ್ನು ಸಾಕಿದರು. ಆಮೇಲೆ ಅವರು ಗಣಿಯ ಕಡೆ ಮುಖ ಮಾಡಿದ್ದನ್ನು ಊರಿನ ಯಾರೂ ನೋಡಿಲ್ಲ.

ಹೋದ ಕ್ರಿಸ್‌ಮಸ್ ಸಂಜೆ ಸಾರು ಕಹಿಯಾಗಿತ್ತು. ಒಳ್ಳೆಯ ಅಣಬೆಯನ್ನೇ ಹೋಲುವ ಕಹಿ ಅಣಬೆ ಒಂದಿದೆ, ವಿಷವಲ್ಲ, ಆದರೆ ಒಂದೇ ಒಂದು ಸೇರಿದರೂ ಇಡೀ ಪಾತ್ರೆ ಕೆಡುತ್ತದೆ. ಅದನ್ನು ಬುಟ್ಟಿಗೆ ಹಾಕುವುದು ನಮ್ಮಲ್ಲಿ ಮರ್ಯಾದೆ ಹೋಗುವ ಸಂಗತಿ. ಫೆಲಿಕ್ಸ್ ಚಮಚ ಕೆಳಗಿಟ್ಟು ಮತ್ತೆ ಎತ್ತಿಕೊಂಡ. ಮಕ್ಕಳು ಮುಖ ಮುಖ ನೋಡಿಕೊಂಡರು. ಅತ್ತೆ ತಾವೂ ರುಚಿ ನೋಡಿ ಹಾಗೇ ಕೂತುಬಿಟ್ಟರು. ಅವರ ಕಣ್ಣಿಗೆ ಪೊರೆ ಬರುತ್ತಿದ್ದುದು ಆ ಗಳಿಗೆಯಲ್ಲಿ ಎಲ್ಲರಿಗೂ ತಿಳಿಯಿತು.

ಇಪ್ಪತ್ತೊಂದು ವರ್ಷ ಡಬ್ಬಿ ಅನ್ನಿಸಿಕೊಂಡವಳಿಗೆ ಇದಕ್ಕಿಂತ ಸದವಕಾಶ ಬೇಕೇ? ಯಾವ ಕಾಡಲ್ಲಿ ಕಿತ್ತಿರಿ ಅತ್ತೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರ ಕೈ ಮೇಜುಬಟ್ಟೆಯ ಅಂಚನ್ನು ಹಿಂಡುತ್ತಿತ್ತು. ಅದನ್ನು ನೋಡಿ ನಾನು ತಟ್ಟೆ ಮುಂದೆ ಚಾಚಿದೆ.

"ಇನ್ನೊಂದು ಸೌಟು ಹಾಕಿ ಅತ್ತೆ."

ಅದನ್ನು ಕುಡಿದು ಮುಗಿಸಿದ್ದು ಹೇಗೆಂದು ನನಗೇ ಗೊತ್ತು.

ಈ ವರ್ಷ ಸೆಪ್ಟೆಂಬರ್ ಬಂದರೂ ಅತ್ತೆ ಬುಟ್ಟಿ ಮುಟ್ಟಲಿಲ್ಲ. ಒಂದು ವಾರ ಕಳೆಯಿತು, ಎರಡಾಯಿತು. ಈಗ ಹೇಳದಿದ್ದರೆ ಆ ಜಾಗ ಅವರ ಕಣ್ಣಿನ ಜೊತೆಗೇ ಹೋಗುತ್ತದೆ, ನಮ್ಮ ಮನೆಯ ಸಾರು ಅಲ್ಲಿಗೆ ಮುಗಿಯುತ್ತದೆ. ನನಗೆ ತಡೆಯಲಾಗಲಿಲ್ಲ, ನೇರವಾಗಿಯೇ ಕೇಳಿದೆ.

"ನಾನು ಸತ್ತ ಮೇಲೆ ಕೇಳು," ಅಂದರು.

"ಸತ್ತ ಮೇಲೆ ಯಾರನ್ನ ಕೇಳ್ಲಿ?"

"ಅದು ನಿನ್ ಕಷ್ಟ."

ಮೂರನೇ ಶನಿವಾರ ಬೆಳಿಗ್ಗೆ ನಾನು ಕಾಫಿಗೆ ನೀರಿಡುತ್ತಿದ್ದಾಗ ಅತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಡಬ್ಬಿ, ಹಳೇ ಬೂಟು ಹಾಕ್ಕೊ. ಬಾಯಿ ಮುಚ್ಕೊಂಡು ಬಾ."

ನನ್ನ ಮೊಣಕೈ ಹಿಡಿದು ನಡೆದರು. ಚರ್ಚು ದಾಟಿದೆವು, ಸ್ಮಶಾನದ ಹಿಂಬಾಗಿಲಿನಿಂದ ಹೊರಬಿದ್ದೆವು. ಮುಂದೆ ಕಾಡು ಬಲಕ್ಕಿತ್ತು. ಅತ್ತೆ ರೈಲು ಹಳಿ ಹಿಡಿದು ಎಡಕ್ಕೆ ತಿರುಗಿದರು. ತುಕ್ಕು ಹಿಡಿದ ಬೇಲಿ ಕಂಡಾಗ ನಾನು ನಿಂತುಬಿಟ್ಟೆ. ಅದು ಮೂರನೇ ಗಣಿ.

"ದಾರಿ ತಪ್ಪಿದ್ವಿ ಅತ್ತೆ."

"ಕಣ್ಣು ಹೋಗಿರೋದು ನಂಗೆ. ನಿಂಗೇನಾಗಿದೆ? ನಡಿ."

ಗಣಿಯಿಂದ ತೆಗೆದು ಸುರಿದ ಕಪ್ಪು ಗುಡ್ಡೆಯನ್ನು ಸುತ್ತಿ ಹೋದೆವು. ಊರಿಗೆ ಕಾಣದ ಆಚೆ ಮಗ್ಗುಲಲ್ಲಿ ಬಿಳಿ ತೊಗಟೆಯ ಬರ್ಚ್ ಮರಗಳು ಎದ್ದಿದ್ದವು, ಕೊನೆಯಲ್ಲಿ ನಾಲ್ಕು ಪೈನ್. ಬರ್ಚ್‌ಗಳ ಬುಡದ ಕರಿ ಮಣ್ಣಿನಲ್ಲಿ ಎಲ್ಲಿ ನೋಡಿದರೂ ಕಂದು ಟೋಪಿಯ ಅಣಬೆಗಳು. ಬೂಟು ತೊಳೆಯುತ್ತಿದ್ದುದು ಯಾಕೆಂದು ಆಗ ಅರ್ಥವಾಯಿತು.

ಅತ್ತೆ ಮಂಡಿಯೂರಿ ಕೂತು ಬೆರಳಿನಿಂದ ಹುಡುಕತೊಡಗಿದರು. "ಅವರು ಹೋಗಿ ಹನ್ನೊಂದು ವರ್ಷಕ್ಕೆ ಇಲ್ಲಿಗೆ ಬಂದೆ. ಬಾಯಿಗೆ ಬಂದ ಹಾಗೆ ಬೈದು ಹೋಗೋಣ ಅಂತ. ನೋಡಿದ್ರೆ ಇದು. ಬೈಯೋಕೆ ಬಂದವಳು ಉಡಿ ತುಂಬಿಸ್ಕೊಂಡು ಹೋದೆ."

"ಮಾವ ಇಲ್ಲೇ ಕೆಳಗೆ..."

"ಎಲ್ಲೋ ಕೆಳಗೆ. ಮೊದಲೇ ಹೇಳಿದ್ರೆ ನೀವು ಯಾರಾದ್ರೂ ಒಂದು ಚಮಚ ತಿಂತಿದ್ರಾ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ತಿನ್ನುತ್ತಿರಲಿಲ್ಲ. ಕ್ರಿಸ್‌ಮಸ್ ಸಂಜೆ ಬರಬಹುದಾದ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುವುದು ನಮ್ಮೆಲ್ಲರ ಪದ್ಧತಿ. ಎಲ್ಲರ ಮನೆಯಲ್ಲೂ ಅದು ಖಾಲಿ ಇರುತ್ತದೆ. ಅತ್ತೆ ಮಾತ್ರ ಮೊದಲ ಸೌಟು ಸಾರನ್ನು ಅದಕ್ಕೇ ಬಡಿಸುತ್ತಿದ್ದರು. ಅವರ ಹಳ್ಳಿಯ ರೂಢಿ ಇರಬೇಕು ಅಂದುಕೊಂಡಿದ್ದೆ. ಆ ತಟ್ಟೆ ಯಾರದೆಂದು ಈಗ ತಿಳಿಯಿತು.

ಪೈನ್ ಮರದ ಹತ್ತಿರ ನಾನು ಕಿತ್ತ ಒಂದನ್ನು ಅತ್ತೆ ಕಸಿದುಕೊಂಡರು. "ಇದರ ಕಾಲಿನ ಮೇಲೆ ಬಲೆ ಥರ ಗೆರೆ ಕಾಣತ್ತಾ? ನಾಲಿಗೆಗೆ ಮುಟ್ಟಿಸು. ಉಗಿ." ಮುಟ್ಟಿಸಿದೆ. ಹೋದ ವರ್ಷದ ಅದೇ ಕಹಿ.

"ಅವತ್ತು ಎರಡನೇ ಸೌಟು ಯಾಕೆ ಹಾಕಿಸ್ಕೊಂಡೆ?"

"ಹಸಿವಾಗಿತ್ತು."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಎಂದು ಚಾಕುವನ್ನು ನನ್ನ ಕೈಗಿಟ್ಟರು.

ಈ ಕ್ರಿಸ್‌ಮಸ್ ಸಂಜೆ ಸಾರು ನಾನೇ ಮಾಡಿದೆ. ಹಿಂದಿನ ದಿನವೇ ನೆನೆಸಿ, ಬಾರ್ಲಿ ಹಾಕಿ, ಕೊನೆಗೆ ಹುಳಿ ಕೆನೆ ಬೆರೆಸಿದೆ. ಮೊದಲ ಸೌಟನ್ನು ಖಾಲಿ ತಟ್ಟೆಗೆ ಬಡಿಸಿದೆ. ಫೆಲಿಕ್ಸ್ ತನ್ನ ಪಾಲು ಮುಗಿಸಿ ತಟ್ಟೆ ಕೆರೆದ.

"ಈ ಸಲ ಚೆನ್ನಾಗಿದೆ ಕಣೆ. ಎಲ್ಲಿ ಸಿಕ್ತು?"

ಹೇಳಬೇಕೆಂದರೆ ಅವನ ಅಪ್ಪ ಇರುವ ಜಾಗವನ್ನೇ ಹೇಳಬೇಕು. ಎದುರಿಗೆ ಅತ್ತೆಯ ಚಮಚ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತ್ತು.

"ನಾನು ಸತ್ತ ಮೇಲೆ ಕೇಳಿ," ಅಂದೆ.

ಚಮಚ ಬಾಯಿಗೆ ಹೋಯಿತು. ಅತ್ತೆ ನಿಧಾನವಾಗಿ ಉಂಡು ಮುಗಿಸಿ, ತಟ್ಟೆಯನ್ನು ನಾನಿದ್ದ ಕಡೆಗೆ ಚಾಚಿದರು.

"ಇನ್ನೊಂದು ಸೌಟು ಹಾಕು, ಲುಸಿನಾ."