ಹದಿನಾಲ್ಕು ದಿನದ ಕಾಗದ

ನಾನು ಒರಟು ಕಾಗದ ಬರೆಯುವವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರಿಗೆ ಸಿಕ್ಕರೆ ಹಾಗೆ ಕಾಣುವುದಿಲ್ಲ. ಈ ತಮಿಳು ಊರಿನ ವೇಲಚೇರಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನಿಗೂ ಬಹುವಚನ ಹಚ್ಚಿ ಮಾತಾಡುವ ಮೈಸೂರಿನವನು ನಾನು. ಆದರೆ ನನ್ನ ಹೆಸರಿನಲ್ಲಿ ಒಂದು ಯಂತ್ರ ದಿನವೂ ಲೋಕದ ನಾನಾ ಮೂಲೆಗಳಿಗೆ ಕಾಗದ ಹಾಕುತ್ತದೆ. ಅದರ ಒಕ್ಕಣೆ ನನ್ನದು.

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಹಲವು. ಅವುಗಳಲ್ಲಿ ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಳಸಬಹುದಾದ ಭಾಷೆ ಒಂದು. ಅದನ್ನು ಬಲ್ಲವರು ತಾವು ಬರೆದ ಉಪಯುಕ್ತ ತುಣುಕುಗಳನ್ನು ಒಂದು ಉಗ್ರಾಣಕ್ಕೆ ತಂದಿಡುತ್ತಾರೆ. ಒಂದೊಂದು ತುಣುಕಿಗೂ ಪ್ಯಾಕೇಜ್ ಎಂದು ಹೆಸರು. ಬೇಕಾದವರು ಒಯ್ದು ಅದರ ಮೇಲೆ ತಮ್ಮದನ್ನು ಕಟ್ಟಿಕೊಳ್ಳುತ್ತಾರೆ. ಈ ಉಗ್ರಾಣಕ್ಕೆ ಸಂಬಳವಿಲ್ಲದ ಉಗ್ರಾಣಿಗಳು ನಾವು ನಾಲ್ಕು ಜನ. ಆಫೀಸಿಗೆ ಹೊರಡುವ ಮುಂಚೆ ಕಾಫಿ ಲೋಟ ಹಿಡಿದು, ಯಂತ್ರ ಪರೀಕ್ಷೆ ಮಾಡಿಟ್ಟ ಪಟ್ಟಿ ನೋಡುವುದೇ ನನ್ನ ಸಂಧ್ಯಾವಂದನೆ. ಹಸಿರು ಬಂದರೆ ಸರಿಯಿದೆ, ಕೆಂಪು ಬಂದರೆ ಕೆಟ್ಟಿದೆ. ಒಂದು ಮಳೆಗಾಲ ನಮ್ಮ ಬೀದಿಯಲ್ಲಿ ನೀರು ನಿಂತು ನನ್ನ ಸ್ಕೂಟರ್ ಮುಳುಗಿತು. ಉಗ್ರಾಣ ಮಾತ್ರ ಒಂದು ನಿಮಿಷವೂ ಮುಚ್ಚಲಿಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಕೆಂಪು ಬಂದ ಪ್ಯಾಕೇಜಿನ ಒಡೆಯನಿಗೆ ಇ-ಮೇಲಿನಲ್ಲಿ ಕಾಗದ ತಾನಾಗಿಯೇ ಹೋಗುತ್ತದೆ. ನಿಮ್ಮ ಪ್ಯಾಕೇಜ್ ಕೆಟ್ಟಿದೆ, ಹದಿನಾಲ್ಕು ದಿನದೊಳಗೆ ಸರಿಪಡಿಸಿ, ಇಲ್ಲವಾದರೆ ತೆಗೆದುಹಾಕಲಾಗುವುದು. ಇಷ್ಟೇ. ಬರೆದ ದಿನ ಹೆಂಡತಿಗೆ ತೋರಿಸಿದ್ದೆ.

"ಏನ್ರೀ ಇದು, ಕರೆಂಟ್ ಆಫೀಸಿನ ನೋಟಿಸ್ ಥರ ಇದೆ. ಒಂದು ನಮಸ್ಕಾರನಾದ್ರೂ ಹಾಕಬಾರದಾ?" ಅಂದಳು.

ಯಂತ್ರ ನಮಸ್ಕಾರ ಹೇಳಿದರೆ ಅದು ಬೂಟಾಟಿಕೆ ಎಂದು ದೊಡ್ಡ ಭಾಷಣ ಮಾಡಿದೆ. ನಮ್ಮ ತಾತನ ನೆನಪು ಆಗಲೇ ಬರಬೇಕಿತ್ತು. ಆಸ್ತಿ ವಿಚಾರವಾಗಿ ಭಾವಮೈದುನನ ಮೇಲೆ ಕೇಸು ಹಾಕುತ್ತೇನೆಂದು ಬೆದರಿಸುವ ಕಾಗದವನ್ನೂ ಅವರು "ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ" ಎಂದೇ ಶುರುಮಾಡುತ್ತಿದ್ದರು. ಬೈಗುಳ ಎರಡನೆಯ ಪ್ಯಾರಾದಿಂದ. ಬೈಸಿಕೊಳ್ಳುವವನು ಬದುಕಿದ್ದಾನೆಯೇ ಎಂದು ಮೊದಲು ವಿಚಾರಿಸಿಕೊಳ್ಳುವ ಆ ಪದ್ಧತಿಯಲ್ಲಿ ಎಷ್ಟು ವಿವೇಕವಿತ್ತೆಂದು ನನಗೆ ತಿಳಿದದ್ದು ಹೋದ ವರ್ಷ.

ವಿ. ರಾವ್ ಎಂಬುವರ ಪ್ಯಾಕೇಜ್ ಒಂದಿತ್ತು. ಜನ ತಾರೀಕನ್ನು ಹೇಗೆಲ್ಲ ಬರೆದರೂ, ದಿನ ಮೊದಲೋ ತಿಂಗಳು ಮೊದಲೋ, ಅದನ್ನು ಸರಿಯಾಗಿ ಓದಿಕೊಡುವುದು ಅದರ ಕೆಲಸ. ಸಣ್ಣದು, ಆದರೆ ನೂರಾರು ಪ್ಯಾಕೇಜುಗಳು ಅದರ ಮೇಲೆ ನಿಂತಿದ್ದವು. ಭಾಷೆಯ ಹೊಸ ಆವೃತ್ತಿ ಬಂದಾಗ ಅದು ಕೆಂಪಾಯಿತು. ಯಂತ್ರ ಕಾಗದ ಹಾಕಿತು, ಉತ್ತರವಿಲ್ಲ. ಹದಿನಾಲ್ಕು ದಿನ ಕಳೆಯಿತು, ಎರಡನೆಯದು ಹೋಯಿತು. ತೆಗೆದರೆ ನೂರಾರು ಬೀಳುತ್ತವೆ, ಬಿಟ್ಟರೆ ಹೊಸ ಆವೃತ್ತಿಯೇ ನಿಲ್ಲುತ್ತದೆ. ತಾಳ್ಮೆ ಕೆಟ್ಟು ಮೂರನೆಯ ಕಾಗದವನ್ನು ನಾನೇ ಕೈಯಾರೆ ಬರೆದೆ, ಅದೂ ಎಲ್ಲರೂ ಓದುವ ನಮ್ಮ ಚರ್ಚೆಯ ಪುಟದಲ್ಲಿ: "ನೋಡಿಕೊಳ್ಳಲಾಗದವರು ಉಗ್ರಾಣಕ್ಕೆ ತಂದಿಡಬಾರದು. ನಿಮ್ಮ ಮೌನ ನಿಮ್ಮನ್ನು ನಂಬಿದವರಿಗೆ ಮಾಡುವ ಅವಮಾನ."

ಮರುದಿನ ರಾಯರ ವಿಳಾಸದಿಂದ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. "ನನ್ನ ಯಜಮಾನರು ಹೋದ ತಿಂಗಳು ತೀರಿಕೊಂಡರು. ನಿಮಗಾದ ತೊಂದರೆಗೆ ಕ್ಷಮಿಸಿ." ಕೆಳಗೆ ಶೈಲಜಾ ರಾವ್ ಎಂದು ಹೆಸರು, ನಮ್ಮೂರಿನದೇ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಹೋಟೆಲಿನ ವಿಳಾಸ. ಎಂಟು ವರ್ಷ ರಾಯರೂ ನಾನೂ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಂಡಿದ್ದೆವು; ಒಂದೇ ಊರಿನಲ್ಲಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಭಾನುವಾರ ವೇಲಚೇರಿಯಲ್ಲಿ ರೈಲು ಹತ್ತಿ, ಬೀಚ್ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಉಡುಪಿ ಕಡೆಯವರ ಹೋಟೆಲು. ರಾಯರ ಅಣ್ಣ ನಡೆಸುತ್ತಾರೆ, ಮೇಲಿನ ಮಹಡಿಯಲ್ಲಿ ಮನೆ. ಬಾಗಿಲು ತೆರೆದ ಶೈಲಜಾ ನನ್ನ ಮುರುಕು ತಮಿಳಿಗೆ ತಮಿಳಿನಲ್ಲೇ ಉತ್ತರ ಕೊಟ್ಟು, ಒಳಗೆ ತಿರುಗಿ, "ಅತ್ತೆ, ಯಾರೋ ಬಂದಿದ್ದಾರೆ, ಕಾಫಿ ಉಂಟಾ?" ಎಂದರು. ಆ ಕಾಗದ ಬರೆದವನು ನಾನೇ ಎಂದು ಹೇಳಿ ನಾನೂ ಕನ್ನಡದಲ್ಲೇ ಕ್ಷಮೆ ಕೇಳಿದೆ.

"ನಿಮ್ಮ ಮೊದಲನೇ ಕಾಗದ ಬಂದಾಗ ಅವರು ಆಸ್ಪತ್ರೆಯಲ್ಲಿ ಇದ್ರು," ಎಂದರು ಶೈಲಜಾ. "ಲ್ಯಾಪ್‌ಟಾಪ್ ತಾ ಅಂದ್ರು. ಈಗ ಯಾಕೆ, ಗುಣ ಆಗ್ಲಿ ಅಂದೆ. ಹದಿನಾಲ್ಕು ದಿನ ಉಂಟಲ್ಲ, ಮುಗಿಸ್ತೇನೆ ಅಂದ್ರು. ಹನ್ನೊಂದನೇ ದಿನ ಹೋದ್ರು. ನೀವು ಕೊಟ್ಟದ್ದು ಅವರಿಗೆ ಸಾಕಾಗ್ಲಿಲ್ಲ ನೋಡಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

ಲ್ಯಾಪ್‌ಟಾಪ್ ತೆರೆದು ಕೊಟ್ಟರು. ಮುಕ್ಕಾಲು ಕೆಲಸ ಆಗಿತ್ತು. ಇನ್ನು ಮುಂದೆ ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಶಾಲೆಗೆ ಹೋಗುವ ಮಗಳು ಬಾಗಿಲಲ್ಲಿ ನಿಂತಿದ್ದವಳು, "ಅಪ್ಪಾ ಪೇರು ಅದುಲ ಇರುಕ್ಕುಮಾ ಅಂಕಲ್?" ಎಂದು ಕೇಳಿದಳು. ಅಪ್ಪನ ಹೆಸರು ಬರೆದವರ ಸ್ಥಾನದಲ್ಲಿ ಇದ್ದೇ ಇರುತ್ತದಮ್ಮಾ ಎಂದೆ. ಕಾಗದ ಹೋಗುವ ವಿಳಾಸ ಮಾತ್ರ ಇನ್ನು ನನ್ನದು, ನಿಮಗೆ ಕಿರಿಕಿರಿ ಇರುವುದಿಲ್ಲ ಎಂದು ತಾಯಿಗೆ ಹೇಳಿದೆ. ಆಕೆಯ ಮುಖ ಸಣ್ಣಗಾಯಿತು.

"ಅದೊಂದು ಹಾಗೇ ಇರ್ಲಿ. ಬೇರೆ ಯಾರೂ ಈಗ ಅವರಿಗೆ ಬರೆಯುದಿಲ್ಲ."

ಮನೆಗೆ ಬಂದು ಉಳಿದ ಕಾಲು ಭಾಗ ಮುಗಿಸಿದೆ. ಪ್ಯಾಕೇಜ್ ಹಸಿರಾಯಿತು. ಆಮೇಲೆ ಉಳಿದ ಮೂವರು ಉಗ್ರಾಣಿಗಳನ್ನು, ನನ್ನ ಆ ಮೂರನೆಯ ಕಾಗದ ಅಳಿಸೋಣವೇ ಎಂದು ಕೇಳಿದೆ. ಒಮ್ಮೆ ಪ್ರಕಟವಾದದ್ದನ್ನು ಅಳಿಸುವುದಿಲ್ಲ ಎಂಬ ನಿಯಮವನ್ನೇ ಅವರು ಉತ್ತರವಾಗಿ ಕಳಿಸಿದರು. ಆ ನಿಯಮ ಬರೆದವನೂ ನಾನೇ. ಸಾವಿನ ಸುದ್ದಿ ಬಂದ ಕಾಗದವನ್ನು ನಮ್ಮ ಮನೆಗಳಲ್ಲಿ ಓದಿದ ಕೂಡಲೇ ಹರಿದುಹಾಕುತ್ತಿದ್ದರು, ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಸತ್ತವನನ್ನು ಬೈದ ಕಾಗದ ನನ್ನ ಹೆಸರಿನ ಸಮೇತ ಅಲ್ಲಿದೆ. ಅವರ ಮಗಳು ದೊಡ್ಡವಳಾಗಿ ಹುಡುಕಿದರೆ ಸಿಗುತ್ತದೆ. ಅದನ್ನು ನೆನೆದಾಗಲೆಲ್ಲ ಕಾಫಿ ಕಹಿಯಾಗುತ್ತದೆ.

ಯಂತ್ರದ ಒಕ್ಕಣೆ ಬದಲಿಸಿದ್ದೇನೆ. ಈಗ ಅದು ಮೊದಲು ಕ್ಷೇಮವೇ ಎಂದು ಕೇಳುತ್ತದೆ, ಸಮಯ ಬೇಕಿದ್ದರೆ ತಿಳಿಸಿ ಎನ್ನುತ್ತದೆ. ಜನ ನಿಜವಾಗಿಯೂ ತಿಳಿಸತೊಡಗಿದ್ದಾರೆ: ಒಬ್ಬನ ಕೆಲಸ ಹೋಗಿದೆ, ಇನ್ನೊಬ್ಬಳ ತಾಯಿಗೆ ನೆನಪು ಹೋಗಿದೆ. ಪಟ್ಟಿಯಲ್ಲಿ ಕೆಂಪು ಹೆಚ್ಚು ದಿನ ಉಳಿಯುತ್ತದೆ. ಉಗ್ರಾಣ ಬಿದ್ದೇನೂ ಹೋಗಿಲ್ಲ.

ರಾಯರ ವಿಳಾಸದ್ದೇ ಒಂದು ತೊಡಕು ಉಳಿಯಿತು. ಕೆಟ್ಟರೆ ಮಾತ್ರ ನಮ್ಮ ಯಂತ್ರ ಕಾಗದ ಹಾಕುವುದು; ನಾನು ಚೆನ್ನಾಗಿ ನೋಡಿಕೊಂಡಷ್ಟೂ ಆ ಮನೆಗೆ ಕಾಗದ ಬರುವುದಿಲ್ಲ. ಅದಕ್ಕೇ ಅವರೊಬ್ಬರಿಗೆ, ಎಲ್ಲ ಸರಿಯಿದ್ದರೂ ತಿಂಗಳಿಗೊಮ್ಮೆ ಬರೆಯುವಂತೆ ಮಾಡಿದ್ದೇನೆ. ನಮ್ಮ ಯಂತ್ರ ಕನ್ನಡದಲ್ಲಿ ಬರೆಯುವುದು ಅದೊಂದೇ ಕಾಗದ: "ರಾಯರೇ, ನಿಮ್ಮ ಪ್ಯಾಕೇಜ್ ಇಲ್ಲಿ ಕ್ಷೇಮ." ತಾತನ ಒಕ್ಕಣೆಯ ಉಳಿದರ್ಧ, "ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ" ಎಂಬುದನ್ನು, ಸೇರಿಸಲು ಮಾತ್ರ ಕೈ ಬರಲಿಲ್ಲ.