ಹಗ್ಗ ದಾಟಿದ ಅಜ್ಜಿ

ಬೆಳಿಗ್ಗೆ ಮಿಣುಗುವ ಹುಳುಗಳ ಗುಹೆಯಲ್ಲಿ ಪ್ರವಾಸಿಗರಿಗೆ ಧೈರ್ಯ ಹೇಳಿದ್ದ ಗೈಡ್ ರಾವಿರಿ, ಮಧ್ಯಾಹ್ನ ರೊಟೊರುವಾ ಊರಿನ ತನ್ನ ಕೇರಿಯ ಬಿಸಿನೀರ ಬುಗ್ಗೆಗಳ ನಡುವೆ ಬೆವೆತುಹೋದ. ಫೋಟೊ ತೆಗೆಯಲೆಂದು ಪ್ರವಾಸಿ ಅಜ್ಜಿಯೊಬ್ಬರು ಅಪಾಯದ ಜಾಗಕ್ಕೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ನಿಂತಿದ್ದರು. ಅಲ್ಲಿ ನೆಲವೆಂದರೆ ಹಪ್ಪಳದಷ್ಟು ತೆಳು. ಕೆಳಗೆ ಕುದಿಯುವ ಕೆಸರು. ಕೂಗಿದರೆ ಆಕೆ ಬೆಚ್ಚಿ ಎಗರಿಯಾರು. ತಾನೂ ಹೋದರೆ ಇಬ್ಬರ ಭಾರಕ್ಕೆ ನೆಲ ಕುಸಿದೀತು.

"ಅಜ್ಜೀ, ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ವಾಪಸ್ ಬನ್ನಿ," ಎಂದ ಮೆಲ್ಲಗೆ.

ಮೂರನೇ ಹೆಜ್ಜೆಗೆ ನೆಲ ಖಾಲಿ ಡಬ್ಬದಂತೆ ಸದ್ದು ಮಾಡಿತು. ಪಕ್ಕದಲ್ಲೇ ಹಬೆ ಬುಸುಗುಟ್ಟಿತು. ರಾವಿರಿ ಹಗ್ಗದ ಮೇಲಿಂದ ಬಾಗಿ ಕೈ ಚಾಚಿದ. ಐದನೇ ಹೆಜ್ಜೆಗೆ ಅಜ್ಜಿಯ ಕೈ ಸಿಕ್ಕಿತು.

ಬುಗ್ಗೆಯಲ್ಲಿ ಜೋಳದ ತೆನೆ ಬೇಯಿಸುತ್ತಿದ್ದ ಅವನ ಚಿಕ್ಕಮ್ಮ ಹುಹಾನಾ ಗದರಿದಳು: "ಬಂದಾಯ್ತಲ್ಲೋ, ಇನ್ನಾದ್ರೂ ಅವರ ಕೈ ಬಿಡೋ!"

"ಇರು ಚಿಕ್ಕಮ್ಮಾ, ಬಿಟ್ರೆ ನಾನೇ ಬೀಳ್ತೀನಿ."